ಅಳತೆ ಪುಸ್ತಕ

ಮೊದಲ ಇಪ್ಪತ್ತೆರಡು ಪುಟ ನಾನೇ ಹರಿದದ್ದು.
ಉಪ್ಪಳದ ಗುಜರಿ ಅಂದುಂಞಿಯಿಂದ
ಕಿಲೋಗೆ ಹನ್ನೆರಡರಂತೆ ತಂದ ಕಾಗದ,
ಹೊಲಿದ ರವಕೆ ಸುತ್ತಿ ಕೊಡಲಿಕ್ಕೆ.
ರಟ್ಟಿಲ್ಲ, ಹೆಸರಿಲ್ಲ, ಬರೆದವರು ಯಾರೋ.
ಇಪ್ಪತ್ತಮೂರಕ್ಕೆ ಕೈ ಹಾಕಿದಾಗ ಕರೆಂಟು ಹೋಯಿತು,
ಮೆಷಿನಿನ ಮೋಟಾರು ನಿಂತಿತು.
ಸುಮ್ಮನೆ ಕೂರಲಾಗದೆ ಓದಿದೆ:
ಒಬ್ಬಳು ಹುಡುಗಿ ಕಿಟಕಿಯ ಹತ್ತಿರ
ಯಾರದೋ ಅಂಗಿಯ ಅಂಚು ಹೊಲಿಯುತ್ತ
ಬಾರದ ಗಾಡಿಯ ಸದ್ದಿಗೆ ಕಿವಿಗೊಟ್ಟಿದ್ದಾಳೆ.
ಹೆಮ್ ಎಂದರೆ ನನಗೆ ಗೊತ್ತಿತ್ತು.
ಆ ಒಂದು ಪದದ ಸಂದಿಯಿಂದ ಒಳಗೆ ಹೋದೆ.

ಎಸ್ಸೆಲ್ಸಿಯಲ್ಲಿ ಇಂಗ್ಲಿಷು ಬರೇ ಪಾಸು.
ಆದರೆ ತಿಳಿಯದ ಅಕ್ಷರ ಈ ಊರಿಗೆ ಹೊಸತೇ?
ಪಂಚಾಯತಿನ ನೋಟೀಸು ಮಲೆಯಾಳದಲ್ಲಿ ಬರುತ್ತದೆ,
ಬಸ್ಸಿನ ಬೋರ್ಡೇ ನನ್ನ ಒಂದನೇ ಕ್ಲಾಸು.
ಮನೆಯಲ್ಲಿ ತುಳು, ಅಂಗಡಿಯಲ್ಲಿ ಬ್ಯಾರಿ,
ರುಜು ಮಾತ್ರ ಕನ್ನಡದಲ್ಲಿ.

ಸಿಕ್ಕ ಪದಗಳನ್ನು ಅಳತೆ ಪುಸ್ತಕದಲ್ಲಿ ಬರೆದೆ.
ಬೇರೆ ಪುಸ್ತಕ ಎಲ್ಲಿಂದ?
ಎದೆ ಮೂವತ್ತಾರು, ಸೊಂಟ ಮೂವತ್ತು, ರಿಲಕ್ಟೆಂಟ್.
ತೋಳು ಒಂಬತ್ತು, ಲೈನಿಂಗ್ ಬೇಡ, ಸಾಲಿಟ್ಯೂಡ್.
ಪೆಲಿಸ್ ಎಂಬುದು ಉಡುಪು, ಅಷ್ಟು ತಿಳಿಯಿತು;
ಅವಳು ಅದನ್ನು ಕಳಚುವ ರೀತಿ ನೋಡಿದರೆ
ಗುಂಡಿ ಮುಂದೆಯೇ ಇರಬೇಕು ಅನಿಸಿ
ಚಾಕಿನಲ್ಲಿ ಮೇಜಿನ ಮೇಲೆ ಗೀಚಿ ನೋಡಿದೆ.
ಫೌಸಿಯಾ ಕೇಳಿದಳು, ಇದು ಯಾರ ಮದುವೆಗೆ?

ಫೋರ್ಟ್‌ನೈಟ್ ಎಂದರೆ ಹದಿನಾಲ್ಕು ದಿನ.
ಯಾವಾಗ ಕೊಡ್ತೀರಿ ಎಂದವರಿಗೆ ಹಾಗೇ ಹೇಳಿದೆ, ಒಪ್ಪಿದರು!
ಎರಡು ವಾರ ಎಂದಿದ್ದರೆ ಜಗಳ.

ಶನಿವಾರ ಹೊಸಂಗಡಿಯ ವಾಚನಾಲಯ, ದಪ್ಪ ನಿಘಂಟು.
ಮೆಲಂಕಲಿಗೆ ವಿಷಣ್ಣತೆ ಎಂದಿತ್ತು.
ಅದಕ್ಕೆ ಇನ್ನೊಂದು ನಿಘಂಟು ಬೇಕು, ಮಾರಾಯ್ರೆ,
ಇಂಗ್ಲಿಷಿಗಿಂತ ದೂರದ ಕನ್ನಡ.
ಬಸ್ಸು ಉಪ್ಪಳ ಹೊಳೆಯ ಸೇತುವೆ ದಾಟುವಾಗ ಹೊಳೆಯಿತು:
ಅಮ್ಮ ಮುಗಲ್ ಅನ್ನುತ್ತಿದ್ದಳು,
ಆಕಾಶಕ್ಕೂ, ಅಪ್ಪ ಮಾತಾಡದ ದಿನಕ್ಕೂ.

ಒಂದು ಪದ ಮಾತ್ರ ನಿಘಂಟಿಗಿಂತ ಮೊದಲೇ ಬಂತು.
ಕಾಂಡಿಸೆನ್ಶನ್.
ನೂರ ಅರವತ್ತೊಂದನೇ ಪುಟದಲ್ಲಿ ದೊಡ್ಡ ಮನೆಯ ಹೆಂಗಸು
ಹುಡುಗಿಯ ಬಾಡಿಗೆ ಕೋಣೆಗೆ ಬಂದು
ಕುರ್ಚಿ, ಪರದೆ, ಚಹಾ ಎಲ್ಲವನ್ನೂ ಹೊಗಳುತ್ತಾಳೆ.
ಒಂದೊಂದು ಹೊಗಳಿಕೆಗೂ ಕೋಣೆ ಒಂದಿಂಚು ಕುಗ್ಗುತ್ತದೆ.
ಆ ವಾರವೇ ವಿನೋದಿನಿ ಮೇಡಂ ಬಂದಿದ್ದರು.
ಮೆಷಿನಿನ ಪಕ್ಕ ಪುಸ್ತಕ ಕಂಡು
ಅಯ್ಯೋ ವಾರಿಜಾ, ನೀನೂ! ಎಷ್ಟು ಒಳ್ಳೇದು!
ಎಂದು ಬೆನ್ನು ತಟ್ಟಿದರು.
ಮೂವತ್ತು ವರ್ಷದಿಂದ ಬೀಳುತ್ತಿದ್ದ ಆ ತಟ್ಟಿಗೆ
ಹೆಸರಿರಲಿಲ್ಲ. ಈಗ ಉಂಟು.
ಹುಕ್ಕಿಗೆ ಕುಣಿಕೆ ಸಿಕ್ಕ ಹಾಗೆ, ಟಕ್ಕೆಂದು.
ನೋವೇನೂ ಕಡಿಮೆಯಾಗಲಿಲ್ಲ.
ಆದರೆ ಅವರ ಭುಜದ ಅಳತೆ ಹಿಡಿಯುವಾಗ
ಟೇಪು ನಡುಗಲಿಲ್ಲ.

ಕೊನೆಯ ಪುಟ ಮುಗಿದು ಎಂಟು ತಿಂಗಳು.
ಅವಳಿಗೆ ಎಂತ ಆಯಿತೆಂದು ಗೊತ್ತು,
ಎಲ್ಲಿಂದ ಬಂದಳೆಂದು ಗೊತ್ತಿಲ್ಲ.
ಅವಳ ಬಾಲ್ಯ ಇದೇ ಉಪ್ಪಳದ ಕಪಾಟುಗಳಲ್ಲಿ
ರವಕೆಗಳ ಸುತ್ತ ಮಡಚಿ ಬಿದ್ದಿದೆ.
ಬಂದವರನ್ನೆಲ್ಲ ಕೇಳುತ್ತೇನೆ, ಸುತ್ತಿದ ಕಾಗದ ಬಿಸಾಡಿದ್ರಾ?
ನಗುತ್ತಾರೆ.

ನಿನ್ನೆ ಬೀಫಾತಿಮ್ಮ ಸಡಿಲ ಮಾಡಲಿಕ್ಕೆಂದು
ಹಳೇ ಕುಪ್ಪಾಯ ತಂದರು.
ಸುತ್ತಿದ್ದು ಹನ್ನೊಂದನೇ ಪುಟ, ನಡುವೆ ಅತ್ತರಿನ ಕಲೆ.
ಹುಡುಗಿಗೆ ಆರು ವರ್ಷ. ಯಾರೋ ಅವಳಿಗೆ
ಸೂಜಿಗೆ ನೂಲು ಪೋಣಿಸಲು ಕಲಿಸುತ್ತಿದ್ದಾರೆ.
ಯಾರು ಎಂಬಲ್ಲಿಯೇ ಅತ್ತರು ಹರಡಿದೆ.

ಬಿಡಲಿಕ್ಕೆ ಬಟ್ಟೆ ಉಂಟಾ ಒಳಗೆ, ಎಂದರು ಬೀಫಾತಿಮ್ಮ.
ಹೊಲಿಗೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದೆ.
ಉಂಟು, ಎಂದೆ. ಒಂದಿಂಚು.
ಎರಡೂ ಬದಿಯಲ್ಲಿ.