ಒಂದು ತೋಳು ದೂರ

ಅಂತರಗಂಗೆಯ ಮೆಟ್ಟಿಲ ಮೇಲೆ,
ಬಸವನ ಬಾಯಿಂದ ನೀರು ಬೀಳುವ ಸದ್ದು ಕೇಳುವಷ್ಟು ಹತ್ತಿರ,
ಕೂಲಿ ಕೊಟ್ಟು ಕೂರಿಸಿದ್ದಾರೆ ನನ್ನನ್ನು.
ಕೆಲಸ ಇಷ್ಟೇ: ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ
ಯಾವ ಕೋತಿಯ ಪಕ್ಕ ಯಾವ ಕೋತಿ, ಬರೆಯಬೇಕು.
ಪಕ್ಕ ಅಂದರೆ ಒಂದು ತೋಳು ದೂರ
ಅಂತ ಹೇಳಿಕೊಟ್ಟದ್ದು ಫರ್ಹೀನ್ ಮೇಡಂ,
ಮೈಸೂರಿಂದ ಬಂದವರು, ಹ್ಯಾಟು, ದುರ್ಬೀನು,
ನನ್ನ ಮಗಳಿಗಿಂತ ಜೋರು ನೆಗಡಿ.

ಒಂದು ತೋಳು ಅಂದರೆ ಯಾರ ತೋಳು, ಕೇಳಿದೆ.
ನಕ್ಕರು. ಅವರದೇ ಅಂದರು, ಕೋತಿಗಳದ್ದು.

ಸೀಳುಕಿವಿ ಮುದುಕಿ. ಹಲ್ಲಿಲ್ಲ, ಆದರೂ
ಅವಳು ಎದ್ದರೆ ಬಂಡೆ ಖಾಲಿ.
ಮೂವರು ಹೆಣ್ಣುಮಕ್ಕಳು, ಅದರಲ್ಲಿ
ಕೊನೆಯವಳದೇ ಮೇಲುಗೈ, ಅಕ್ಕಂದಿರು ಸರಿದು ಕೂರಬೇಕು.
ಇದ್ಯಾವ ನ್ಯಾಯ ಅಂದೆ. ಅವ್ವ ಇರುವವರೆಗೂ
ಚಿಕ್ಕವಳ ಪರವೇ ಅಲ್ವಾ ಹಲ್ಲು ಕಿರಿಯೋದು, ಅಂದರು ಮೇಡಂ.
ಕಿರಿಯಲು ಹಲ್ಲೆಲ್ಲಿ? ಆ ಪ್ರಶ್ನೆ ಪುಸ್ತಕದಲ್ಲಿ ಬರೆಯಲಿಲ್ಲ.

ಮೊನ್ನೆ ನೋಡಿದೆ: ಅಂಗೈಯಗಲದ ಮರಿ,
ದಡೂತಿ ಹೆಣ್ಣೊಂದರ ಬಾಯಿಗೇ ಕೈ ಹಾಕಿ
ದವಡೆ ಚೀಲದ ಕಡಲೆಕಾಯಿ ಕಿತ್ತಿತು.
ಅವಳು ಸುಮ್ಮನೆ ಬಾಯಿ ಬಿಟ್ಟಳು, ಆಕಾಶ ನೋಡಿದಳು.
ಮರಿಯ ಹಿಂದೆ, ಮೂರು ಮೆಟ್ಟಿಲು ಮೇಲೆ,
ಸೀಳುಕಿವಿ ತೂಕಡಿಸುತ್ತಿದ್ದಳು, ಅಷ್ಟೇ.

ಆ ರಾತ್ರಿ ಮನೆಯಲ್ಲಿ ಹೇಳಿದೆ. ಯಾರೂ ನಗಲಿಲ್ಲ.
ಅದೇ ವಾರ ಕರೆಂಟು ಬಿಲ್ಲಿನವನಿಗೆ
‘ಚಪ್ಪಲಿ ಆಚೆ ಬಿಡು’ ಅಂದಿದ್ದಳು ನನ್ನ ಚರಿತ, ನಾಲ್ಕು ವರ್ಷ.
ಆರಡಿ ಆಳು, ಬಿಟ್ಟ.
ಬಾಗಿಲಲ್ಲಿ ಎಲೆಯಡಿಕೆ ಹಾಕುತ್ತ ನಿಂತಿದ್ದರು ಪಿಳ್ಳಮ್ಮ,
ನನ್ನ ಅತ್ತೆ.

ಗಂಡುಗಳು ಮಾತ್ರ ಇರುವುದಿಲ್ಲ.
ಮೀಸೆ ಮೂಡುವ ಹೊತ್ತಿಗೆ ಒಂದು ಬೆಳಗ್ಗೆ ಲೆಕ್ಕಕ್ಕೆ ಸಿಗುವುದಿಲ್ಲ,
ಅಡ್ಡಗೀಟು ಹಾಕುತ್ತೇವೆ.
ಹಾಗೆ ಎಲ್ಲೋ ಅಡ್ಡಗೀಟಾಗಿ ಇಲ್ಲಿಗೆ ಬಂದವನು ಮೊಂಡುಬಾಲ,
ತೇರಹಳ್ಳಿ ಕಡೆಯ ಬೆಟ್ಟದಿಂದ.
ಮೊದಲ ತಿಂಗಳು ಹುಣಸೆಮರದಾಚೆ.
ಪಕ್ಕ ಯಾರು? ಸೊನ್ನೆ. ಸೊನ್ನೆ. ಸೊನ್ನೆ.
ಆಮೇಲೆ ಉಪಾಯ ಕಂಡುಕೊಂಡ:
ಯಾರದೋ ಮರಿ ಎತ್ತಿ ಹೊಟ್ಟೆಗವಚಿಕೊಂಡು
ನಿಧಾನ ನಡೆದುಬಂದ. ಮರಿ ಇರುವ ಕೈಗೆ
ಯಾರು ಕಚ್ಚುತ್ತಾರೆ?

ನಾನು ನಂಗಲಿಯವನು. ಇಲ್ಲಟದ ಅಳಿಯ.
ಏಳು ವರ್ಷದ ಹಿಂದೆ ಕೋಲಾರಕ್ಕೆ ಬಂದೆ,
ಒಂದು ಟ್ರಂಕು, ಒಂದು ಟೇಬಲ್ ಫ್ಯಾನು.
ಅಕ್ಕತಂಗಿಯರು ನಾಲ್ವರು, ಒಬ್ಬರ ತಲೆ ಒಬ್ಬರ ಮಡಿಲಲ್ಲಿಟ್ಟು
ಹೇನು ಹೆಕ್ಕುತ್ತಾ ತೆಲುಗಲ್ಲಿ ಮಾತಾಡುತ್ತಾರೆ.
ನನಗೂ ತೆಲುಗು ಬರುತ್ತದೆ, ಅವರಿಗಿಂತ ಚೆನ್ನಾಗಿ.
ಆದರೂ ನಾನು ಒಳಗೆ ಕಾಲಿಟ್ಟರೆ ಮಾತು ಕನ್ನಡವಾಗುತ್ತದೆ,
‘ಊಟ ಆಯ್ತಾ’ ಆಗುತ್ತದೆ.
ಚರಿತ ಹುಟ್ಟಿದ ಮೇಲೆ ಅವಳನ್ನು ಎತ್ತಿಕೊಂಡೇ
ನಡುಮನೆಗೆ ಹೋಗುತ್ತಿದ್ದೆ, ಬೇಕಿರಲಿ ಬೇಡದಿರಲಿ.
ಅದಕ್ಕೊಂದು ಹೆಸರಿದೆ ಅಂತ
ಮೊಂಡುಬಾಲನನ್ನು ನೋಡಿ ಮೇಡಂ ಹೇಳಿದ ದಿನ
ಪೆನ್ನಿನ ಮುಚ್ಚಳ ಹುಡುಕುವವನಂತೆ ಬಗ್ಗಿದೆ.

ಈ ಭಾನುವಾರ ಜನ ಜಾಸ್ತಿ, ಲೆಕ್ಕ ಕೆಟ್ಟಿತು.
ಮೊಂಡುಬಾಲ ಸೀಳುಕಿವಿಯಿಂದ ಎರಡು ತೋಳು ದೂರ.
ಹತ್ತು ನಿಮಿಷ. ಎರಡು ತೋಳು.
ಒಂದೂವರೆ ಅಂತ ಬರೆಯಬಹುದಿತ್ತು.
ಬರೆಯಲಿಲ್ಲ.

ಮನೆಗೆ ಬಂದು ಮುದ್ದೆಗೆ ಕೂತೆ.
ಸಾರು ಬಡಿಸಲು ಬಗ್ಗಿದ ಅತ್ತೆ
ಸೌಟು ಹಾಗೇ ಹಿಡಿದು, ಇನ್ನೊಂದು ಕೈಯಲ್ಲಿ
ನನ್ನ ಅಂಗಿಯ ತೋಳಿಂದ ಒಂದು ಊಬು ಕಿತ್ತರು.
ಇನ್ನೊಂದು. ಕಾಲರಿನ ಹಿಂದೆ ಸಿಕ್ಕಿದ್ದೊಂದು,
ಅದಕ್ಕೆ ಕನ್ನಡಕ ಏರಿಸಿಕೊಂಡರು.
ನಾನು ತುತ್ತು ನುಂಗದೆ ಹಾಗೇ ಕೂತಿದ್ದೆ.
ಎಷ್ಟು ಹೊತ್ತು, ಗಡಿಯಾರ ನೋಡಲಿಲ್ಲ.

‘ಬೆಟ್ಟಾನೇ ಹೊತ್ಕೊಂಡು ಬರ್ತೀಯಲ್ಲಪ್ಪ’ ಅಂದರು,
ತೆಲುಗಲ್ಲಿ.