ಎಪ್ಪತ್ತೊಂದನೇ ರಾತ್ರಿ

ಸೂಲಗಿತ್ತಿ ಹೇಳಿದ್ದು ನಲವತ್ತು ದಿನ.
ಇವತ್ತಿಗೆ ಎಪ್ಪತ್ತೊಂದು.
ಎಲಿಸೆಯೊ ಎಣಿಸಿಲ್ಲ; ಎಣಿಸಿದ್ದು ನಾನು.

ವಾಲ್ಪರೈಸೊದ ಈ ಗುಡ್ಡದ ಮನೆಗೆ
ನೂರಾ ಹದಿನೆಂಟು ಮೆಟ್ಟಿಲು.
ಹೆತ್ತು ಬಂದ ದಿನ ಹತ್ತಕ್ಕೊಮ್ಮೆ ಕೂತೆ.
ಅವನೂ ಕೂತ, ಕೂಸನ್ನೆತ್ತಿಕೊಂಡು,
ಬೇಗ ಬಾ ಅನ್ನದೆ.

ದೀಪ ಆರಿಸಬೇಡ ಅಂದೆ.
ಆಮೇಲೆ, ಆರಿಸು ಅಂದೆ.
ಎಣ್ಣೆಯ ಶೀಸೆ ಅವನ ಅಂಗೈಯಲ್ಲಿ ಬೆಚ್ಚಗಾಗುತ್ತಿತ್ತು.
ಹೊಲಿಗೆ ಬಿದ್ದ ಜಾಗ
ನನಗೇ ಗುರುತು ಸಿಗದ ಓಣಿ.
ನಿಲ್ಲು, ಅಂದೆ. ನಿಂತ.
ಅಳು ಬಂತು, ನೋವಿಗಲ್ಲ,
ನಿಂತನಲ್ಲಾ ಅಂತ.

ಅಷ್ಟರಲ್ಲಿ ಎದೆಹಾಲು ಚಿಮ್ಮಿ
ಅವನ ಗಡ್ಡವೆಲ್ಲ ಒದ್ದೆ!
ನಮ್ಮ ನಗುವಿಗೆ ತೊಟ್ಟಿಲು ಕುಯ್‌ಗುಟ್ಟಿತು.
ಉಸಿರು ಹಿಡಿದೆವು.
ಬಂದರಿನಲ್ಲಿ ಹಡಗೊಂದು ಕೂಗಿ ಸುಮ್ಮನಾಯಿತು,
ಕೂಸೂ.

ಇವತ್ತಿಗೆ ಇಷ್ಟೇ ಮೆಟ್ಟಿಲು, ಅಂದೆ.
ನನ್ನ ಕಾಲು ಮಾತ್ರ
ಬೆಳಗಿನವರೆಗೂ
ಅವನ ಕಾಲ ಮೇಲೇ ಇತ್ತು.