ಒಣಕಡ್ಡಿ

ನನ್ನ ಟ್ರ್ಯಾಕ್ಟರಿನ ಹಿಂದೆ, ಕಬ್ಬಿಣದ ಸೀಟಿನಲ್ಲಿ,
ನನಗೆ ಬೆನ್ನು ಕೊಟ್ಟು ಕೂರುತ್ತಾಳೆ ಬಿಬಿಜಾದಾ.
ನಾನು ನೋಡುವುದು ಇನ್ನೂ ಸೀಳದ ನೆಲ,
ಅವಳು ನೋಡುವುದು ಸೀಳಿದ್ದು.
ಮೂರೆಣಿಸಿ ಒಂದು, ಮೂರೆಣಿಸಿ ಒಂದು,
ಸಕ್ಸಾವುಲ್ ಸಸಿ ಇಳಿಬಿಡುತ್ತಾಳೆ ಸಾಲಿಗೆ.
ಸಸಿ ಅನ್ನುವುದು ಮಾತಿಗೆ. ಒಣಕಡ್ಡಿ.
ಚಹಾ ಕಾಸಲೂ ಸಾಲದು.

ಇಲ್ಲಿ ಆರಾಳು ನೀರಿತ್ತಂತೆ, ಅರಾಲ್ ಕಡಲು.
ಅವಳಪ್ಪ ಒಸೆರ್‌ಬಾಯ್ ಬಲೆ ಬೀಸಿದ್ದು
ನಮ್ಮ ನೆತ್ತಿಯ ಮೇಲೆ ಎಲ್ಲೋ,
ಆ ಕಾಗೆ ಹಾರುತ್ತಿದೆಯಲ್ಲ, ಆ ಎತ್ತರದಲ್ಲಿ.
ನೇಗಿಲಿಗೆ ಒಮ್ಮೊಮ್ಮೆ ಚಿಪ್ಪು ಸಿಗುತ್ತದೆ.
ಒಂದು ಸಲ ಲಂಗರಿನ ಕೊಂಡಿ ಸಿಕ್ಕಿಕೊಂಡು
ಅರ್ಧ ದಿನದ ಕೆಲಸ ಹಾಳಾಯಿತು.

ಉಪ್ಪು ತಿಂದವ ನೀರು ಕುಡಿಯಲೇಬೇಕು, ಅನ್ನುತ್ತಾರೆ.
ನೀರು ಕುಡಿದದ್ದು ಮೇಲಿನ ಹತ್ತಿಹೊಲ.
ಉಪ್ಪು ನಮಗೆ ಬಂತು:
ರೊಟ್ಟಿಯ ಮೇಲೆ, ಕಣ್ಣೆವೆಯಲ್ಲಿ, ತೊಟ್ಟಿಲ ಬಟ್ಟೆಯಲ್ಲಿ,
ಗಾಳಿ ಎದ್ದ ದಿನ ಹಾಲಿನಲ್ಲೂ.

"ನೂರಕ್ಕೆ ಎಷ್ಟು ಬದುಕುತ್ತವೆ?" ಕೇಳಿದ್ದ,
ಕ್ಯಾಮೆರಾ ಹಿಡಿದು ಬಂದವನೊಬ್ಬ.
"ನಲವತ್ತು. ಗಾಳಿ ಮನಸ್ಸು ಮಾಡಿದರೆ."
"ಹಾಗಾದರೆ ಅರವತ್ತು ದಂಡ?"
"ಯಾವ ಅರವತ್ತು ಅಂತ ನೀನು ತೋರಿಸು,
ಅವನ್ನು ನೆಡುವುದಿಲ್ಲ," ಅಂದಳು, ತಲೆಯೆತ್ತದೆ.

ಮೊನ್ನೆ, ಆರು ವರ್ಷದ ಹಿಂದಿನ ಸಾಲುಗಳ ಹತ್ತಿರ
ಎಂಜಿನ್ ಕಾದು ನಿಂತೆವು.
ಎದೆಯೆತ್ತರದ ಗಿಡಗಳು.
ಬುಡದಲ್ಲಿ ಮರಳು ಕಾಲು ಮಡಿಚಿ ಕೂತಿತ್ತು
ಎಲ್ಲಿಗೂ ಹೋಗುವ ಅವಸರವಿಲ್ಲದೆ.
ಅಲ್ಲಿ ಗೊರಸಿನ ಗುರುತು. ನಡುವೆ ಸೀಳು. ಒಂಟಿ.
ಪಕ್ಕದಲ್ಲಿ ಹಿಕ್ಕೆ, ಒಂದು ಹಿಡಿ.
"ಸೈಗಾ," ಅಂದಳು,
ಕೂಗಿದರೆ ಓಡಿಹೋದೀತೆಂಬಷ್ಟು ಮೆಲ್ಲಗೆ.
ಆ ದೊಗಳೆ ಮೂಗಿನ ಜಿಂಕೆಯನ್ನು
ನಾವಿಬ್ಬರೂ ನೋಡಿದ್ದು ಶಾಲೆಯ ಗೋಡೆಯಲ್ಲಿ ಮಾತ್ರ.
ನನ್ನ ಬೆಂಕಿಪೊಟ್ಟಣ ಕಸಿದು, ಕಡ್ಡಿ ನನ್ನ ಅಂಗೈಗೆ ಸುರಿದು,
ನಾಲ್ಕು ಹಿಕ್ಕೆ ತುಂಬಿಕೊಂಡಳು.

ಸಂಜೆ ಒಸೆರ್‌ಬಾಯ್ ಅದನ್ನು ಮೂಸಿ ನೋಡಿದ.
ಕಣ್ಣು ಹೋಗಿ ಹತ್ತು ವರ್ಷ; ಮೂಗು ಚುರುಕು.
"ಕುರಿ," ಅಂದ.
ಅವಳು ವಾದಿಸಲಿಲ್ಲ, ಚಹಾ ಬಗ್ಗಿಸಿದಳು.
ಇನ್ನೊಮ್ಮೆ ಮೂಸಿದ.
"ಗಾಳಿ ಎತ್ತಣದ್ದಿತ್ತು?"
"ಬಡಗಣ."
ಏನೂ ಅನ್ನಲಿಲ್ಲ. ಪೊಟ್ಟಣ ಮುಚ್ಚಿ
ಅಂಗಿಯ ಒಳಜೇಬಿಗೆ ಇಳಿಸಿದ.

ವಾಪಸು ಕೇಳುವ ಧೈರ್ಯ ನನಗೆ ಬರಲಿಲ್ಲ.
ಜೇಬಿನ ತುಂಬ ಬಿಡಿ ಕಡ್ಡಿ, ಗೀರಲು ಪೊಟ್ಟಣವಿಲ್ಲ.
ಇವತ್ತು ಒಂದೂ ಸಿಗರೇಟು ಹಚ್ಚದೆ
ಇಪ್ಪತ್ತೆರಡು ಸಾಲು.